ಟ್ರೇ ಸಿಲುಕಿದೆ ಎಂಬ ಅಲಾರಂ: ಕರಾವಳಿಯ ಸ್ವಯಂಚಾಲಿತ ಅತಿಶೀತಲ ಸಂಗ್ರಹಾಗಾರದಲ್ಲಿ ದೋಷ ಪತ್ತೆ

ಜೈವಿಕ ಮಾದರಿಗಳನ್ನು ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡುತ್ತ, ಅವುಗಳನ್ನು ಒಳಗಿಡುವ ಮತ್ತು ಹೊರತೆಗೆಯುವ ಕೆಲಸವನ್ನು ಯಂತ್ರದ ತೋಳಿಗೆ ಒಪ್ಪಿಸಿರುವ ಸಂಗ್ರಹಾಗಾರಗಳನ್ನು ಉತ್ತರ ಕನ್ನಡದ ಹವೆಯಲ್ಲಿ ನೋಡಿಕೊಳ್ಳುವ ತಂತ್ರಜ್ಞರಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಮಂಗನ ಕಾಯಿಲೆಯ ಹಂಗಾಮಿನಲ್ಲಿ ಬರುವ ರಕ್ತಸಾರ, ಕಾಳಿ ನದೀಮುಖದ ಮೀನು ಮತ್ತು ಚಿಪ್ಪುಜೀವಿಗಳ ಅಂಗಾಂಶ, ಘಟ್ಟದ ಮೇಲಿನ ಅಡಿಕೆ ತೋಟಗಳ ರೋಗಪೀಡಿತ ಎಲೆ, ಹೀಗೆ ಮಾದರಿ ಯಾವುದೇ ಇರಲಿ, ಯಂತ್ರಕ್ಕೆ ಅದು ಒಂದು ಸಂಕೇತವುಳ್ಳ ಟ್ಯೂಬ್ ಮಾತ್ರ. ದೋಷವನ್ನು ಹುಡುಕುವವರಿಗೆ ಮಾತ್ರ ಅದರ ಬೆಲೆ ಸದಾ ನೆನಪಿನಲ್ಲಿರಬೇಕು, ಏಕೆಂದರೆ ಯಂತ್ರವನ್ನು ಸರಿಪಡಿಸುವ ಅವಸರದಲ್ಲಿ ಮಾದರಿಯನ್ನು ಬಿಸಿಗೆ ಒಡ್ಡುವ ಸಂದರ್ಭಗಳೇ ಹೆಚ್ಚು.

ತಯಾರಕರ ಪುಸ್ತಕದಲ್ಲಿ ಪ್ರತಿಯೊಂದು ಅಲಾರಂ ಸಂಖ್ಯೆಗೂ ಒಂದು ಪರಿಹಾರವನ್ನು ಸೂಚಿಸಿರುತ್ತಾರೆ. ಅದನ್ನು ಬದಿಗಿಡಬೇಕೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಆ ಪುಸ್ತಕವು ಕೋಣೆಯ ಹವೆ ಒಣಗಿದೆ ಮತ್ತು ಹಿಡಿತದಲ್ಲಿದೆ ಎಂಬ ಭರವಸೆಯ ಮೇಲೆ ನಿಂತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಿ ಆ ಭರವಸೆ ನಿಲ್ಲುವುದಿಲ್ಲ. ಪರದೆಯ ಮೇಲೆ ‘ಟ್ರೇ ಸಿಲುಕಿದೆ’ ಎಂದು ಕಾಣಿಸಿದಾಗ ಕೈ ಮೊದಲು ರೋಬಾಟಿನ ಕಡೆಗೆ ಹೋಗುತ್ತದೆ. ನಮ್ಮ ಕಡೆ ಆ ಅಲಾರಂ ಬಹುಪಾಲು ಸಂದರ್ಭಗಳಲ್ಲಿ ಒಂದು ಸರಪಳಿಯ ಕೊನೆಯ ಕೊಂಡಿಯಾಗಿರುತ್ತದೆ, ಮತ್ತು ಮೊದಲ ಕೊಂಡಿ ಕೋಣೆಯ ತೇವಾಂಶದಲ್ಲಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಹುಡುಕಾಟದ ಕ್ರಮವನ್ನು ತಿರುಗಿಸಿ ಇಡಲಾಗಿದೆ: ಮೊದಲು ಗಾಳಿ, ಅನಂತರ ಬಾಗಿಲು, ಆಮೇಲೆ ತೋಳು, ಕೊನೆಗೆ ಶೈತ್ಯಯಂತ್ರ. ತಾಪಮಾನವೇ ಏರುತ್ತಿದ್ದರೆ ಮಾತ್ರ ಈ ಕ್ರಮವನ್ನು ಬಿಟ್ಟು ನೇರವಾಗಿ ಶೈತ್ಯಯಂತ್ರದ ಭಾಗಕ್ಕೆ ಹೋಗಬೇಕು.

ಅಲಾರಂ ಬಂದ ಕೂಡಲೇ

ಮೊದಲನೆಯ ಕೆಲಸ, ಏನನ್ನೂ ಒತ್ತದೆ ಇರುವುದು. ತೋಳಿನ ಹಿಡಿಕೆಯಲ್ಲಿ ಟ್ರೇ ಇರುವಾಗ ರೀಸೆಟ್ ಅಥವಾ ಹೋಮ್ ಗುಂಡಿಯನ್ನು ಒತ್ತಿದರೆ, ತೋಳು ತನ್ನ ಮೂಲಸ್ಥಾನಕ್ಕೆ ಹೊರಡುವಾಗ ಅರ್ಧ ಹೊರಬಂದ ಟ್ರೇ ಕಪಾಟಿನ ಕಂಬಕ್ಕೆ ಬಡಿಯುತ್ತದೆ, ಮತ್ತು ಸರಳವಾದ ಒಂದು ಅಡಚಣೆ ನೂರಾರು ಟ್ಯೂಬ್‌ಗಳು ತಳಕ್ಕೆ ಚೆಲ್ಲಿದ ಅಪಘಾತವಾಗಿ ಬೆಳೆಯುತ್ತದೆ. ಎರಡನೆಯದಾಗಿ, ಒಳಗೆ ಏನಾಗಿದೆ ಎಂದು ನೋಡಲು ಸರ್ವಿಸ್ ಬಾಗಿಲನ್ನು ತೆರೆಯಬಾರದು. ತೆರೆದ ಬಾಗಿಲಿನಿಂದ ನುಗ್ಗುವ ತೇವಗಾಳಿ ಸಾಕ್ಷ್ಯವನ್ನೇ ಮುಚ್ಚಿಬಿಡುತ್ತದೆ. ಮೊದಲೇ ಇದ್ದ ಹಿಮ ಯಾವುದು, ಈಗ ಕೂತ ಹಿಮ ಯಾವುದು ಎಂದು ಆಮೇಲೆ ಹೇಳಲು ಬರುವುದಿಲ್ಲ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಬರೆದುಕೊಳ್ಳುವುದು. ಮುಖ್ಯ ಕೋಣೆಯ ತಾಪಮಾನ, ಟ್ಯೂಬ್‌ಗಳನ್ನು ಆರಿಸುವ ನಡುಕೋಣೆಯ ತಾಪಮಾನ, ಅಲ್ಲಿಯ ಗಾಳಿಯ ಇಬ್ಬನಿ ಬಿಂದು (ಗಾಳಿಯೊಳಗಿನ ತೇವ ಹನಿಯಾಗಿ ಅಥವಾ ಹಿಮವಾಗಿ ಕೂರತೊಡಗುವ ತಾಪಮಾನ), ಹೊರಗಿನ ಕೋಣೆಯ ತಾಪಮಾನ ಮತ್ತು ಸಾಪೇಕ್ಷ ಆರ್ದ್ರತೆ, ಪ್ರತಿ ಕಂಪ್ರೆಸರ್ ಗಂಟೆಯಲ್ಲಿ ಎಷ್ಟು ಹೊತ್ತು ಓಡುತ್ತಿದೆ ಎಂಬ ಪ್ರಮಾಣ, ಹಿಡಿಕೆಯ ಸೆನ್ಸರ್ ಟ್ರೇ ಇದೆ ಎನ್ನುತ್ತಿದೆಯೋ ಇಲ್ಲ ಎನ್ನುತ್ತಿದೆಯೋ ಎಂಬುದು, ಇವಿಷ್ಟನ್ನೂ ಗಡಿಯಾರದ ಸಮಯದೊಂದಿಗೆ ಬರೆದು, ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಬೇಕು. ಲಾಗ್ ಕಡತವನ್ನು ಬೇರೆ ಕಡೆಗೆ ನಕಲು ಮಾಡಿದ ನಂತರವೇ ಗಣಕಯಂತ್ರವನ್ನು ಮರುಚಾಲನೆ ಮಾಡಬೇಕು, ಏಕೆಂದರೆ ಕೆಲವು ನಿಯಂತ್ರಕಗಳು ಮರುಚಾಲನೆಯ ವೇಳೆ ಹಳೆಯ ವಿವರಗಳನ್ನು ಅಳಿಸಿ ಹೊಸದಾಗಿ ಬರೆಯುತ್ತವೆ.

ಗಾಳಿಯೊಳಗಿನ ನೀರಿನ ಲೆಕ್ಕ

ಇಂಥ ಸಂಗ್ರಹಾಗಾರದ ವಿನ್ಯಾಸ ಸಾಮಾನ್ಯವಾಗಿ ಮೂರು ಹಂತದ್ದು. ಮಾದರಿಗಳಿರುವ ಮುಖ್ಯ ಕೋಣೆ ಮೈನಸ್ 80 ಡಿಗ್ರಿಯಲ್ಲಿರುತ್ತದೆ. ಅದಕ್ಕೆ ಹೊಂದಿಕೊಂಡು ಮೈನಸ್ 20 ಡಿಗ್ರಿಯ ಆಸುಪಾಸಿನ ನಡುಕೋಣೆಯಿದ್ದು, ತೋಳು ಅಲ್ಲಿ ಕೆಲಸ ಮಾಡುತ್ತದೆ. ಅದರಿಂದಾಚೆ ಎರಡು ಬಾಗಿಲುಗಳ ಏರ್‌ಲಾಕ್ ಇರುತ್ತದೆ. ನಡುಕೋಣೆಗೆ ಡ್ರೈಯರ್‌ನಿಂದ ಒಣಗಾಳಿಯನ್ನು ಸತತವಾಗಿ ಊದಿ, ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಾಗಿರುವಂತೆ ನೋಡಿಕೊಳ್ಳುತ್ತಾರೆ. ಈ ವ್ಯವಸ್ಥೆ ಏಕೆ ಬೇಕೆಂಬುದು ಅಂಕಿಗಳಿಂದ ಸ್ಪಷ್ಟವಾಗುತ್ತದೆ. ಆಷಾಢದ ಒಂದು ಸಾಮಾನ್ಯ ದಿನ ಕಾರವಾರದಲ್ಲಿ 27 ಡಿಗ್ರಿ ತಾಪಮಾನ ಮತ್ತು ಶೇಕಡಾ 90 ಆರ್ದ್ರತೆ ಇದ್ದರೆ, ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರು ಇರುತ್ತದೆ. ಅದೇ ಗಾಳಿ ಮೈನಸ್ 20 ಡಿಗ್ರಿಗೆ ತಂಪಾದಾಗ ಅದು ಹಿಡಿದಿಡಬಲ್ಲದ್ದು ಒಂದು ಗ್ರಾಮಿಗಿಂತ ಕಡಿಮೆ. ಮೈನಸ್ 80ರಲ್ಲಿ ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ. ಉಳಿದದ್ದೆಲ್ಲ ಎಲ್ಲಾದರೂ ಹಿಮವಾಗಿ ಕೂರಲೇಬೇಕು, ಮತ್ತು ಅದು ಮೊದಲು ಸಿಕ್ಕ ತಣ್ಣನೆಯ ಲೋಹದ ಮೇಲೆ, ಎಂದರೆ ಹಳಿ, ಹಿಡಿಕೆ, ಸೆನ್ಸರಿನ ಕಣ್ಣು ಮತ್ತು ಬಾಗಿಲಿನ ಅಂಚಿನ ಮೇಲೆ ಕೂರುತ್ತದೆ.

ನೂರು ಲೀಟರಿನ ಏರ್‌ಲಾಕನ್ನು ಒಣಗಾಳಿಯಿಂದ ಸರಿಯಾಗಿ ತೊಳೆಯದೆ ಒಳಬಾಗಿಲು ತೆರೆದರೆ ಪ್ರತಿ ಸಲವೂ ಎರಡು ಗ್ರಾಮಿಗೂ ಮಿಕ್ಕಿ ನೀರು ಒಳಗೆ ಹೋಗುತ್ತದೆ. ದಿನಕ್ಕೆ ನಲವತ್ತು ಸಲ ತೆರೆದರೆ ಅದು ಸುಮಾರು 90 ಗ್ರಾಂ. ಹಗುರವಾದ ಹಿಮದ ರೂಪದಲ್ಲಿ ಅದರ ಗಾತ್ರ ಅರ್ಧ ಲೀಟರನ್ನು ದಾಟಬಹುದು. ಒಂದು ವಾರ ಹೀಗೆಯೇ ನಡೆದರೆ ತೋಳು ಸಿಲುಕುವುದು ಆಶ್ಚರ್ಯವಲ್ಲ, ಸಿಲುಕದಿದ್ದರೆ ಆಶ್ಚರ್ಯ.

ಹಾಗಾಗಿ ಲಾಗ್‌ನಲ್ಲಿ ಮೊದಲು ನೋಡಬೇಕಾದ ಗೆರೆ ಇಬ್ಬನಿ ಬಿಂದುವಿನದು. ಅದು ಒಂದೇ ಮಟ್ಟದಲ್ಲಿ ಸಮತಟ್ಟಾಗಿದ್ದು, ಬಾಗಿಲು ತೆರೆದಾಗ ಮಾತ್ರ ಏರಿ ಕೆಲವೇ ನಿಮಿಷಗಳಲ್ಲಿ ಮರಳಿ ಇಳಿಯುತ್ತಿದ್ದರೆ ಗಾಳಿಯ ಭಾಗ ಆರೋಗ್ಯವಾಗಿದೆ. ಪ್ರತಿ ಸಲ ಏರಿದ ಮೇಲೆ ಇಳಿಯುವ ಹೊತ್ತು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಡ್ರೈಯರ್ ಸೋಲುತ್ತಿದೆ. ಬಾಗಿಲು ಮುಚ್ಚಿರುವ ರಾತ್ರಿಯ ವೇಳೆಯಲ್ಲೂ ತಳಮಟ್ಟವೇ ಮೇಲಕ್ಕೆ ಸರಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ತಿಳಿಯಲು ಒಂದು ರಾತ್ರಿಯ ದಾಖಲೆ ಸಾಕು. ಯಾವ ಉಪಕರಣವನ್ನೂ ಬಿಚ್ಚಬೇಕಿಲ್ಲ.

ಡ್ರೈಯರ್ ಸೋತಿದೆ ಎಂದಾದರೆ ಅದರ ಪುನಶ್ಚೇತನದ ಭಾಗವನ್ನು ಪರೀಕ್ಷಿಸಬೇಕು. ತೇವವನ್ನು ಹೀರಿದ ಪದಾರ್ಥವನ್ನು ಬಿಸಿಗಾಳಿಯಿಂದ ಒಣಗಿಸುವ ಮಾದರಿಯಲ್ಲಿ, ಹೊರಹೋಗುವ ಕೊಳವೆ ಬಿಸಿಯಾಗಿದೆಯೇ ಎಂಬುದೇ ಮೊದಲ ಸುಳಿವು. ಅದು ತಣ್ಣಗಿದ್ದರೆ ಹೀಟರ್ ಸುಟ್ಟಿದೆ, ಇಲ್ಲವೇ ಅದಕ್ಕೆ ವಿದ್ಯುತ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಕಚ್ಚುತ್ತಿಲ್ಲ. ಬಿಸಿಯಾಗಿದ್ದರೂ ಒಣಗಾಳಿ ಸಿಗುತ್ತಿಲ್ಲವೆಂದರೆ ಹೀರುವ ಪದಾರ್ಥ ಹಳತಾಗಿದೆ, ಅಥವಾ ಬಿಸಿಗಾಳಿಯನ್ನು ಹೊರಬಿಡುವ ಕೊಳವೆಯ ಬಾಯಿ ಅದೇ ಕೋಣೆಯೊಳಗೇ ಇದೆ. ಈ ಎರಡನೆಯ ತಪ್ಪು ಕಟ್ಟಡ ಕಟ್ಟುವಾಗಲೇ ಆಗಿರುತ್ತದೆ. ಡ್ರೈಯರ್ ತಾನು ಹೊರಹಾಕಿದ ತೇವವನ್ನೇ ಮತ್ತೆ ಎಳೆದುಕೊಳ್ಳುತ್ತ ರಾತ್ರಿಹಗಲು ದುಡಿಯುತ್ತಿರುತ್ತದೆ, ಮತ್ತು ಎಲ್ಲ ಬಿಡಿಭಾಗಗಳನ್ನು ಬದಲಿಸಿದರೂ ದೋಷ ಹಾಗೆಯೇ ಉಳಿಯುತ್ತದೆ.

ಏ.ಸಿ. ಓಡುತ್ತಿದೆ, ಕೋಣೆ ಒಣಗಿಲ್ಲ

ಹೊರಗಿನ ಕೋಣೆಯ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಬೇಸಿಗೆಯಲ್ಲಿ ಹೊರಗೆ 34 ಡಿಗ್ರಿ ಇರುವಾಗ ಏ.ಸಿ. ಬಿಡುವಿಲ್ಲದೆ ಓಡುತ್ತದೆ, ಅದರ ತಣ್ಣನೆಯ ಸುರುಳಿಯ ಮೇಲೆ ನೀರು ಧಾರಾಳವಾಗಿ ಹನಿಯುತ್ತದೆ, ಕೋಣೆ ತಂಪಾಗುವುದರ ಜೊತೆಗೆ ಒಣಗುತ್ತದೆ. ಮಳೆಗಾಲದಲ್ಲಿ ಹೊರಗಿನ ತಾಪಮಾನವೇ 25ಕ್ಕೆ ಇಳಿದಿರುತ್ತದೆ. 24ಕ್ಕೆ ಹೊಂದಿಸಿದ ಇನ್ವರ್ಟರ್ ಏ.ಸಿ. ತನ್ನ ಗುರಿ ತಲುಪಿದೆಯೆಂದು ವೇಗ ತಗ್ಗಿಸಿ ಗಾಳಿಯನ್ನಷ್ಟೇ ತಿರುಗಿಸುತ್ತದೆ. ಗೋಡೆಯ ಮೇಲಿನ ಅಂಕಿ 24 ಎನ್ನುತ್ತಲೇ ಇರುತ್ತದೆ. ಆದರೆ 24 ಡಿಗ್ರಿಯಲ್ಲಿ ಆರ್ದ್ರತೆ ಶೇಕಡಾ 50 ಇದ್ದರೆ ಘನಮೀಟರಿಗೆ ಸುಮಾರು 11 ಗ್ರಾಂ ನೀರು, ಶೇಕಡಾ 80 ಇದ್ದರೆ 17 ಗ್ರಾಂ. ತಾಪಮಾನದ ದಾಖಲೆಯಲ್ಲಿ ಈ ಎರಡು ದಿನಗಳು ಒಂದೇ ರೀತಿ ಕಾಣುತ್ತವೆ, ಏರ್‌ಲಾಕಿಗೆ ಮಾತ್ರ ಒಂದೂವರೆ ಪಟ್ಟು ಹೊರೆ ಬಿದ್ದಿರುತ್ತದೆ. ಇದಕ್ಕೆ ಪರಿಹಾರ ಏ.ಸಿ.ಯನ್ನು 18ಕ್ಕೆ ಇಳಿಸುವುದಲ್ಲ. ಅದರಿಂದ ಗೋಡೆಗಳು ತಣ್ಣಗಾಗಿ ಅವುಗಳ ಹಿಂಬದಿಯಲ್ಲಿ ನೀರು ಒಸರಿ ಬೂಷ್ಟು ಹಿಡಿಯುತ್ತದೆ. ಪ್ರತ್ಯೇಕವಾದ ತೇವಾಂಶ ನಿವಾರಕ ಯಂತ್ರವನ್ನು ಇರಿಸಿ, ಅದರ ನೀರನ್ನು ಕೊಳವೆಯ ಮೂಲಕ ಹೊರಗೆ ಹರಿಸಬೇಕು. ನೀರನ್ನು ಬಕೆಟ್ಟಿನಲ್ಲಿ ಹಿಡಿಯುವ ವ್ಯವಸ್ಥೆಯನ್ನು ನಾನು ಒಪ್ಪುವುದಿಲ್ಲ: ಭಾನುವಾರ ಬಕೆಟ್ ತುಂಬಿ ಯಂತ್ರ ತಾನಾಗಿ ನಿಂತಿರುತ್ತದೆ, ಸೋಮವಾರ ಬೆಳಿಗ್ಗೆ ಟ್ರೇ ಸಿಲುಕುತ್ತದೆ.

ವಿದ್ಯುತ್ ಹೋಗಿ ಜನರೇಟರ್ ಹತ್ತಿದಾಗ ಏ.ಸಿ. ಮತ್ತು ತೇವಾಂಶ ನಿವಾರಕ ಎರಡೂ ಆ ಸಾಲಿನಲ್ಲಿ ಇವೆಯೇ ಎಂದು ಒಮ್ಮೆ ಖಚಿತಪಡಿಸಿಕೊಳ್ಳಬೇಕು. ಮುಖ್ಯ ಯಂತ್ರವನ್ನು ಮಾತ್ರ ಜನರೇಟರಿಗೆ ಜೋಡಿಸಿ ಕೋಣೆಯನ್ನು ಮರೆಯುವುದು ತೀರ ಸಾಮಾನ್ಯ.

ಹಿಮದ ರೂಪವನ್ನು ಓದುವುದು

ಒಳಗಿನ ಕ್ಯಾಮೆರಾ ಅಥವಾ ನೋಡುಗಿಂಡಿಯ ಮೂಲಕ ಹಿಮ ಎಲ್ಲಿ ಮತ್ತು ಯಾವ ರೂಪದಲ್ಲಿ ಕೂತಿದೆ ಎಂದು ನೋಡಿದರೆ ಅದರ ಮೂಲ ತಿಳಿಯುತ್ತದೆ. ಬೆಳ್ಳಗೆ, ಹಕ್ಕಿಯ ಪುಕ್ಕದಂತೆ ಎಳೆ ಎಳೆಯಾಗಿದ್ದು, ಬ್ರಷ್ ತಾಗಿಸಿದರೆ ಉದುರುವ ಹಿಮ, ಗಾಳಿಯೊಳಗಿನ ಆವಿ ನೇರವಾಗಿ ಹೆಪ್ಪುಗಟ್ಟಿದ್ದು. ಅದು ನಿಧಾನವಾದ, ಬಹುದಿನದ ಸೋರಿಕೆಯನ್ನು ಹೇಳುತ್ತದೆ. ಗಾಜಿನಂತೆ ಪಾರದರ್ಶಕವಾಗಿ, ಲೋಹಕ್ಕೆ ಅಂಟಿಕೊಂಡ ಗಡ್ಡೆ ಕಂಡರೆ ಅಲ್ಲಿ ಒಮ್ಮೆ ನೀರು ದ್ರವವಾಗಿಯೇ ಇತ್ತು ಎಂದರ್ಥ: ಆ ಜಾಗ ಸೊನ್ನೆಯನ್ನು ದಾಟಿ ಕರಗಿ ಮರಳಿ ಗಟ್ಟಿಯಾಗಿದೆ, ಇಲ್ಲವೇ ಬಾಗಿಲಿನ ಹೀಟರಿನ ಬಳಿ ಕರಗಿದ ಹನಿ ಕೆಳಗೆ ಜಾರಿದೆ. ಎರಡನೆಯ ಬಗೆ ಕಂಡಾಗ ಆ ಜಾಗದ ತಾಪಮಾನದ ಹಳೆಯ ದಾಖಲೆಯನ್ನು ಬಿಡದೆ ಪರೀಕ್ಷಿಸಬೇಕು, ಏಕೆಂದರೆ ಅಲ್ಲಿ ಮಾದರಿಗಳಿದ್ದರೆ ಅವೂ ಆ ಏರಿಳಿತವನ್ನು ಕಂಡಿರಬಹುದು.

ಜಾಗವೂ ಮಾತನಾಡುತ್ತದೆ. ಒಳಗಿನ ತಣ್ಣನೆಯ ಗಾಳಿ ಭಾರವಾದುದರಿಂದ, ಸೋರುವ ಬಾಗಿಲಿನಲ್ಲಿ ಅದು ಕೆಳಗಿನ ಅಂಚಿನಿಂದ ಹೊರಗೆ ಸುರಿಯುತ್ತದೆ ಮತ್ತು ಅದರ ಬದಲಿಗೆ ಹೊರಗಿನ ತೇವಗಾಳಿ ಮೇಲಿನ ಅಂಚಿನಿಂದ ಒಳಗೆ ಬರುತ್ತದೆ. ಆದ್ದರಿಂದ ಹೊರಗಡೆ ಬಾಗಿಲಿನ ಕೆಳತುದಿಯಲ್ಲಿ ನೀರು ಹನಿಯುತ್ತಿದ್ದು, ಒಳಗಡೆ ಮೇಲ್ತುದಿಯಲ್ಲಿ ಹಿಮ ಬೆಳೆದಿದ್ದರೆ ಬಾಗಿಲಿನ ಅಂಚನ್ನು ಬಿಗಿಮಾಡುವ ಪಟ್ಟಿ, ಎಂದರೆ ಗ್ಯಾಸ್ಕೆಟ್, ಎರಡೂ ಕಡೆ ಬಿಟ್ಟಿದೆ. ಒಂದೇ ಮೂಲೆಯಲ್ಲಿ ಹಿಮವಿದ್ದರೆ ಕೀಲು ಜಗ್ಗಿದೆ. ಕಾಗದದ ಪಟ್ಟಿಯನ್ನು ಗ್ಯಾಸ್ಕೆಟ್ ಮತ್ತು ಚೌಕಟ್ಟಿನ ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡುವ ಹಳೆಯ ವಿಧಾನ ಏರ್‌ಲಾಕಿನ ಹೊರಬಾಗಿಲಿಗೆ ಈಗಲೂ ಸಾಕು. ಎಲ್ಲ ಕಡೆ ಒಂದೇ ಬಿಗಿಯಿರಬೇಕು. ಹಿಮ ಬಾಗಿಲಿನಿಂದ ದೂರದಲ್ಲಿ, ತಂತಿಗಳು ಗೋಡೆಯನ್ನು ದಾಟುವ ರಂಧ್ರದ ಸುತ್ತ ಮಾತ್ರ ಇದ್ದರೆ, ಆ ರಂಧ್ರಕ್ಕೆ ತುಂಬಿದ ಫೋಮ್ ಅಥವಾ ಸಿಲಿಕೋನ್ ಬಿರುಕು ಬಿಟ್ಟಿದೆ. ಹೊಸ ಕೇಬಲ್ ಎಳೆದ ನಂತರ ಬರುವ ದೋಷ ಬಹುತೇಕ ಇದೇ.

ತೋಳು: ಶ್ರಮದ ಗೆರೆಯನ್ನು ನೋಡಿ

ಗಾಳಿ ಮತ್ತು ಬಾಗಿಲು ಸರಿಯಿವೆ ಎಂದಾದ ಮೇಲೆ ತೋಳಿನ ಕಡೆಗೆ ಬರಬಹುದು. ಹೆಚ್ಚಿನ ನಿಯಂತ್ರಕಗಳು ಮೋಟಾರು ಎಳೆದ ವಿದ್ಯುತ್ ಪ್ರವಾಹವನ್ನು ಸ್ಥಾನದೊಂದಿಗೆ ದಾಖಲಿಸುತ್ತವೆ. ಇಡೀ ಹಳಿಯುದ್ದಕ್ಕೂ ಪ್ರವಾಹ ಸಮವಾಗಿ ಏರಿದ್ದರೆ ಕಾರಣ ಬೇರಿಂಗ್ ಅಥವಾ ಗ್ರೀಸ್. ಒಂದೇ ಸ್ಥಾನದಲ್ಲಿ ಮೊನೆಯಂತೆ ಏರಿ ಇಳಿಯುತ್ತಿದ್ದರೆ ಅಲ್ಲಿ ಹಿಮದ ಗಡ್ಡೆ ಅಥವಾ ಬಿದ್ದ ಟ್ಯೂಬ್ ಇದೆ. ಪ್ರವಾಹ ಏರದೆಯೇ ತೋಳು ಹೇಳಿದ ಜಾಗಕ್ಕೂ ತಲುಪಿದ ಜಾಗಕ್ಕೂ ವ್ಯತ್ಯಾಸ ಬರುತ್ತಿದ್ದರೆ ಬೆಲ್ಟ್ ಸಡಿಲವಾಗಿದೆ, ಜೋಡಣೆಯ ತಿರುಪು ಜಾರಿದೆ ಅಥವಾ ತೋಳಿನ ಸ್ಥಾನವನ್ನು ಅಳೆಯುವ ಎನ್‌ಕೋಡರ್‌ನ ತಂತಿಯ ತುದಿಗೆ ಕಿಲುಬು ಹಿಡಿದಿದೆ. ಈ ಮೂರು ಚಿತ್ರಗಳನ್ನು ಬೇರೆ ಬೇರೆಯಾಗಿ ಗುರುತಿಸಿದರೆ ಅರ್ಧ ದಿನದ ಬಿಚ್ಚಾಟ ತಪ್ಪುತ್ತದೆ.

ಗ್ರೀಸ್ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯ ಗ್ರೀಸ್ ಈ ತಾಪಮಾನದಲ್ಲಿ ಮೇಣದಷ್ಟು ಗಟ್ಟಿಯಾಗುತ್ತದೆ. ಹಳಿ ಒಣಗಿದೆಯೆಂದು ಕಂಡ ಯಾರೋ ಒಳ್ಳೆಯ ಮನಸ್ಸಿನಿಂದ ಪೇಟೆಯ ಗ್ರೀಸ್ ಹಚ್ಚಿದರೆ, ಕೋಣೆಯ ತಾಪಮಾನದಲ್ಲಿ ತೋಳು ಬೆಣ್ಣೆ ಸವರಿದ ಹಾಗೆ ಜಾರಿ, ತಂಪಾದ ಮೇಲೆ ನಿಂತುಬಿಡುತ್ತದೆ. ತಯಾರಕರು ಹೇಳಿದ ಒಣ ಲೇಪನ ಅಥವಾ ಕಡಿಮೆ ತಾಪಮಾನದ ಫ್ಲೋರಿನೇಟೆಡ್ ಗ್ರೀಸ್ ಬಿಟ್ಟು ಬೇರೇನನ್ನೂ ಹಚ್ಚಬಾರದು.

ಸಂಕೇತವನ್ನು ಓದಲಾಗುತ್ತಿಲ್ಲ ಎಂಬ ಅಲಾರಂ ಕೂಡ ಇದೇ ಕುಟುಂಬದ್ದು. ಟ್ಯೂಬಿನ ತಳದಲ್ಲಿರುವ ಚೌಕುಳಿ ಸಂಕೇತದ ಮೇಲೆ ತೆಳುವಾದ ಹಿಮದ ಪೊರೆ ಕೂತರೆ ಕಪ್ಪು ಬಿಳುಪಿನ ನಡುವಿನ ಗಡಿ ಮಸುಕಾಗುತ್ತದೆ. ಟ್ರೇಯ ಎಲ್ಲ ಟ್ಯೂಬ್‌ಗಳೂ ಓದಲಾಗದಿದ್ದರೆ ಓದುಗದ ಗಾಜಿನ ಮೇಲೆ ಹಿಮವಿದೆ. ಅಲ್ಲೊಂದು ಇಲ್ಲೊಂದು ಓದಲಾಗದಿದ್ದರೆ ಟ್ಯೂಬಿನ ಮೇಲಿದೆ. ಅಂಚಿನ ಒಂದು ಸಾಲು ಮಾತ್ರ ಬಿಟ್ಟುಹೋಗುತ್ತಿದ್ದರೆ ಟ್ರೇ ಓರೆಯಾಗಿ ಕೂತಿದೆ. ಒರೆಸಬೇಕಾಗಿ ಬಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದ, ನೂಲು ಬಿಡದ ಬಟ್ಟೆಯನ್ನು ಬಳಸಿ ಕೆಲವೇ ಕ್ಷಣಗಳಲ್ಲಿ ಮುಗಿಸಬೇಕು. ಆ ದ್ರವ ಮೈನಸ್ 89ರವರೆಗೆ ಹೆಪ್ಪುಗಟ್ಟುವುದಿಲ್ಲ.

ಟ್ಯೂಬ್ ಮೇಲಕ್ಕೆ ಬರುತ್ತಿಲ್ಲ ಎಂಬ ದೋಷದಲ್ಲಿ, ಕೆಳಗಿನಿಂದ ತಳ್ಳುವ ಕಡ್ಡಿಯ ಬಲವನ್ನು ಹೆಚ್ಚಿಸುವ ಆಯ್ಕೆ ಪರದೆಯಲ್ಲಿ ಇರುತ್ತದೆ. ಅದನ್ನು ಮುಟ್ಟದಿರುವುದು ಲೇಸು. ಟ್ಯೂಬ್ ಗೂಡಿಗೆ ಹಿಮದಿಂದ ಅಂಟಿರಬಹುದು, ಅಥವಾ ಅದನ್ನು ಕಂಠಮಟ್ಟ ತುಂಬಿರಬಹುದು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ ಪೂರ್ತಿ ತುಂಬಿದ ಟ್ಯೂಬಿನ ಮೈ ಉಬ್ಬಿ ಗೂಡಿಗೆ ಬಿಗಿಯಾಗುತ್ತದೆ. ಬಲ ಹೆಚ್ಚಿಸಿದರೆ ಕಡ್ಡಿ ಬಾಗುತ್ತದೆ ಇಲ್ಲವೇ ಮುಚ್ಚಳ ಹಾರುತ್ತದೆ. ಮಂಗನ ಕಾಯಿಲೆಯಂಥ ಸೋಂಕಿನ ಮಾದರಿಯಾದರೆ ಅದು ಯಂತ್ರದ ದೋಷವಾಗಿ ಉಳಿಯುವುದಿಲ್ಲ. ಜೈವಿಕ ಸುರಕ್ಷತೆಯ ಅಧಿಕಾರಿಗೆ ತಿಳಿಸಿದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು.

ತಾಪಮಾನ ನಿಜವಾಗಿ ಏರುತ್ತಿದೆಯೇ?

ತಾಪಮಾನದ ಅಲಾರಂ ಬಂದಾಗ ಮೊದಲ ಪ್ರಶ್ನೆ, ಅದು ನಿಜವೇ ಎಂಬುದು. ಗಾಳಿಯಲ್ಲಿ ತೂಗುಬಿಟ್ಟ ಸೆನ್ಸರ್ ಮತ್ತು ದ್ರವದ ಬಾಟಲಿಯಲ್ಲಿ ಮುಳುಗಿಸಿದ ಸ್ವತಂತ್ರ ಸೆನ್ಸರ್ ಎರಡನ್ನೂ ಹೋಲಿಸಬೇಕು. ಗಾಳಿಯದ್ದು ಏರಿ ದ್ರವದ್ದು ಏರದಿದ್ದರೆ ಬಾಗಿಲು ತೆರೆದುಕೊಂಡಿತ್ತು, ಇಲ್ಲವೇ ಗಾಳಿಯ ಸೆನ್ಸರ್ ಕೆಟ್ಟಿದೆ. ದ್ರವದ್ದು ಏರಿ ಗಾಳಿಯದ್ದು ಕದಲದಿದ್ದರೆ ಎರಡರಲ್ಲಿ ಒಂದು ಸೆನ್ಸರನ್ನು ನಂಬುವಂತಿಲ್ಲ. ಎರಡೂ ಕೂಡಿ ಏರುತ್ತಿದ್ದರೆ ಅದು ನಿಜವಾದ ಏರಿಕೆ.

ತಾಪಮಾನಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಪ್ಲಾಟಿನಂ ಸೆನ್ಸರ್, ಎಂದರೆ ಪಿಟಿ-100 ಅನ್ನು ಮಲ್ಟಿಮೀಟರಿನಿಂದಲೇ ಪರೀಕ್ಷಿಸಬಹುದು. ಅದರ ರೋಧ ಸೊನ್ನೆ ಡಿಗ್ರಿಯಲ್ಲಿ 100 ಓಮ್, ಮೈನಸ್ 20ರಲ್ಲಿ 92.16 ಓಮ್, ಮೈನಸ್ 80ರಲ್ಲಿ 68.33 ಓಮ್. ಈ ಭಾಗದಲ್ಲಿ ಒಂದು ಓಮ್ ವ್ಯತ್ಯಾಸ ಎರಡೂವರೆ ಡಿಗ್ರಿಗೆ ಸಮ. ಉಪ್ಪುಗಾಳಿಯಿಂದ ಕನೆಕ್ಟರ್ ಕಿಲುಬು ಹಿಡಿದರೆ ರೋಧ ಹೆಚ್ಚಿ ಯಂತ್ರವು ಇದ್ದದ್ದಕ್ಕಿಂತ ಬಿಸಿಯಾಗಿ ತೋರಿಸುತ್ತದೆ. ಅದು ಕಿರಿಕಿರಿಯಾದರೂ ಅಪಾಯವಲ್ಲ. ಅಪಾಯವಿರುವುದು ಇನ್ನೊಂದರಲ್ಲಿ: ಕನೆಕ್ಟರಿನೊಳಗೆ ತೇವ ಸೇರಿ ಎರಡು ತಂತಿಗಳ ನಡುವೆ ವಿದ್ಯುತ್ ಸೋರತೊಡಗಿದರೆ ರೋಧ ಕಡಿಮೆಯಾಗಿ, ಯಂತ್ರ ಇದ್ದದ್ದಕ್ಕಿಂತ ತಣ್ಣಗಾಗಿ ತೋರಿಸುತ್ತದೆ. ಹತ್ತು ಕಿಲೋ ಓಮ್‌ನಷ್ಟು ಸೋರಿಕೆಯೊಂದೇ ಒಂದು ಡಿಗ್ರಿಗೂ ಹೆಚ್ಚು ಸುಳ್ಳು ಹೇಳಿಸಬಲ್ಲದು. ಕಾರವಾರದಲ್ಲಿ ಮೊದಲ ಬಗೆಯನ್ನು, ಶಿರಸಿಯ ಮಂಜು ಮಳೆಯಲ್ಲಿ ಎರಡನೆಯ ಬಗೆಯನ್ನು ಮೊದಲು ಶಂಕಿಸುವುದು ನನ್ನ ರೂಢಿ.

ಏರಿಕೆ ನಿಜವಾದರೆ, ಶೈತ್ಯಯಂತ್ರದ ಎರಡು ಹಂತಗಳನ್ನು ಬೇರ್ಪಡಿಸಿ ಯೋಚಿಸಬೇಕು. ಮೇಲಿನ ಹಂತವು ಆರ್-290 ಎಂಬ ಪ್ರೊಪೇನ್ ಅಥವಾ ಆರ್-404ಎ ಯಂಥ ಅನಿಲದಿಂದ ನಡುವಿನ ಶಾಖ ವಿನಿಮಯಕವನ್ನು ತಂಪಾಗಿಸುತ್ತದೆ. ಕೆಳಗಿನ ಹಂತವು ಆರ್-170 ಎಂಬ ಈಥೇನ್ ಅಥವಾ ಆರ್-508ಬಿ ಅನಿಲದಿಂದ ಕೋಣೆಯ ಶಾಖವನ್ನು ಆ ವಿನಿಮಯಕಕ್ಕೆ ತಂದೊಪ್ಪಿಸುತ್ತದೆ. ವಿನಿಮಯಕದ ತಾಪಮಾನ ಎಂದಿನಂತೆ ತಣ್ಣಗಿದ್ದು ಕೋಣೆ ಮಾತ್ರ ಬಿಸಿಯಾಗುತ್ತಿದ್ದರೆ ದೋಷ ಕೆಳಗಿನ ಹಂತದಲ್ಲಿದೆ. ವಿನಿಮಯಕವೇ ತಣ್ಣಗಾಗದಿದ್ದರೆ ದೋಷ ಮೇಲಿನ ಹಂತದಲ್ಲಿದೆ, ಮತ್ತು ಆಗ ಕೆಳಗಿನ ಕಂಪ್ರೆಸರ್ ಓಡದಿರುವುದು ಅದರ ತಪ್ಪಲ್ಲ. ವಿನಿಮಯಕ ತಣ್ಣಗಾಗುವವರೆಗೆ ಅದನ್ನು ನಿಯಂತ್ರಕವೇ ತಡೆದಿರುತ್ತದೆ. ಈ ಒಂದು ವಿಷಯ ತಿಳಿಯದೆ ಸರಿಯಿರುವ ಕಂಪ್ರೆಸರನ್ನು ಬದಲಿಸಿದ ಉದಾಹರಣೆಗಳಿವೆ.

ಮೇಲಿನ ಹಂತದ ದೋಷಗಳಲ್ಲಿ ಕರಾವಳಿಗೆ ವಿಶೇಷವಾದದ್ದು ಕಂಡೆನ್ಸರಿನದು. ತಾಮ್ರದ ಕೊಳವೆ ಮತ್ತು ಅಲ್ಯೂಮಿನಿಯಂ ರೆಕ್ಕೆಗಳು ಕೂಡುವಲ್ಲಿ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿಯಾಗುತ್ತದೆ. ರೆಕ್ಕೆಗಳು ಜಾಗದಲ್ಲೇ ಇದ್ದಂತೆ ಕಂಡರೂ ಕೊಳವೆಯಿಂದ ಬಿಟ್ಟುಕೊಂಡಿರುತ್ತವೆ, ಶಾಖ ಹೊರಗೆ ದಾಟುವುದಿಲ್ಲ. ಉಗುರಿನಿಂದ ಮೆಲ್ಲನೆ ತಟ್ಟಿದಾಗ ರೆಕ್ಕೆಯ ಅಂಚು ಪುಡಿಯಾಗಿ ಉದುರಿದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು. ಅಲ್ಲಿಯವರೆಗೆ ತಲುಪುವ ಮೊದಲೇ ಕಂಪ್ರೆಸರ್ ಓಡುವ ಪ್ರಮಾಣ ತಿಂಗಳಿಂದ ತಿಂಗಳಿಗೆ ಏರುತ್ತ ಬಂದಿರುತ್ತದೆ, ಆದ್ದರಿಂದ ಆ ಅಂಕಿಯನ್ನು ತಿಂಗಳಿಗೊಮ್ಮೆ ಬರೆದಿಡುವುದು ಯಾವ ಅಲಾರಂಗಿಂತಲೂ ಮೊದಲು ಎಚ್ಚರಿಸುತ್ತದೆ. ಎರಡು ಸ್ವತಂತ್ರ ಶೈತ್ಯಯಂತ್ರಗಳಿರುವ ಸಂಗ್ರಹಾಗಾರದಲ್ಲಿ ಒಂದು ಸತ್ತರೂ ಇನ್ನೊಂದು ಪೂರ್ತಿ ಹೊರೆ ಹೊತ್ತು ತಾಪಮಾನವನ್ನು ಕಾಯುವುದರಿಂದ, ತಾಪಮಾನ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ.

ಕೋಣೆ ಒಮ್ಮೆ ಬಿಸಿಯಾಗಿ, ಯಂತ್ರ ನಿಲ್ಲಿಸಿ ಮತ್ತೆ ಹತ್ತಿಸಿದರೆ ಸರಿಯಾಗಿ, ಕೆಲವು ಗಂಟೆಗಳ ನಂತರ ಮರಳಿ ಬಿಸಿಯಾಗುತ್ತಿದ್ದರೆ ಅನಿಲದ ಕೊಳವೆಯೊಳಗೇ ತೇವ ಸೇರಿದೆ ಎಂದು ಶಂಕಿಸಬೇಕು. ಕ್ಯಾಪಿಲರಿ ಎಂಬ ಕೂದಲೆಳೆಯಂಥ ಕಿರುಕೊಳವೆಯ ಬಾಯಲ್ಲಿ ಅದು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ನಿಲ್ಲಿಸಿದಾಗ ಕರಗಿ ದಾರಿ ಬಿಡುತ್ತದೆ. ಇದು ತರಬೇತಿ ಪಡೆದ ಎಂಜಿನಿಯರರ ಕೆಲಸ. ಪ್ರೊಪೇನ್ ಮತ್ತು ಈಥೇನ್ ಉರಿಯುವ ಅನಿಲಗಳಾದುದರಿಂದ, ಮನೆಯ ಫ್ರಿಜ್ ರಿಪೇರಿ ಮಾಡುವವರನ್ನು ಗ್ಯಾಸ್ ಟಾರ್ಚಿನೊಂದಿಗೆ ಕರೆತರುವುದನ್ನು ಯಾವ ಒತ್ತಡದಲ್ಲೂ ಒಪ್ಪಬಾರದು.

ವಿದ್ಯುತ್ತಿನ ಕಡೆಯಿಂದ ಎರಡು ಚಿಹ್ನೆಗಳನ್ನು ನೆನಪಿಡಬೇಕು. ಪ್ರತಿ ಕೆಲವು ನಿಮಿಷಕ್ಕೊಮ್ಮೆ ‘ಟಿಕ್’ ಎಂದು ಸದ್ದಾಗಿ ಕಂಪ್ರೆಸರ್ ಗುಂಯ್‌ಗುಟ್ಟಿ ನಿಲ್ಲುತ್ತಿದ್ದರೆ ವೋಲ್ಟೇಜ್ ಕಡಿಮೆಯಿದೆ ಅಥವಾ ಸ್ಟಾರ್ಟ್ ಕೆಪಾಸಿಟರ್ ಸೋತಿದೆ. ಕಂಪ್ರೆಸರ್ ಹೊರಡಲು ಯತ್ನಿಸುವ ಆ ಕ್ಷಣದಲ್ಲೇ ವೋಲ್ಟೇಜನ್ನು ಅಳೆಯಬೇಕು, ನಿಂತಾಗ ಅಳೆದರೆ 230 ಸರಿಯಾಗಿಯೇ ತೋರುತ್ತದೆ. ಎರಡನೆಯದು ಮೂರು ಫೇಸಿನ ಸ್ಕ್ರೋಲ್ ಕಂಪ್ರೆಸರ್ ಇರುವಲ್ಲಿ: ಮರ ಬಿದ್ದು ಹರಿದ ತಂತಿಯನ್ನು ಜೋಡಿಸುವಾಗ ಫೇಸುಗಳ ಕ್ರಮ ಅದಲುಬದಲಾದರೆ ಕಂಪ್ರೆಸರ್ ಹಿಮ್ಮುಖವಾಗಿ ತಿರುಗಿ, ಕರ್ಕಶ ಸದ್ದು ಮಾಡಿ, ಏನನ್ನೂ ತಂಪಾಗಿಸುವುದಿಲ್ಲ. ಫೇಸ್ ಕ್ರಮ ಕಾಯುವ ರಿಲೇ ಇದ್ದರೆ ಅದು ಯಂತ್ರವನ್ನು ಹತ್ತಲೇ ಬಿಡುವುದಿಲ್ಲ. ಆ ರಿಲೇಯನ್ನು ಕೆಟ್ಟಿದೆಯೆಂದು ತಿಳಿದು ಬೈಪಾಸ್ ಮಾಡಬಾರದು. ರಿಲೇ ಪೆಟ್ಟಿಗೆಯನ್ನು ತೆರೆದಾಗ ಸಂಪರ್ಕ ಬಿಂದುಗಳ ನಡುವೆ ಸತ್ತ ಇರುವೆಗಳ ಸಾಲು ಕಂಡರೂ ಆಶ್ಚರ್ಯಪಡಬೇಕಿಲ್ಲ, ಘಟ್ಟದ ಮೇಲೂ ಕೆಳಗೂ ಅದು ಇದ್ದದ್ದೇ.

ಅರ್ಧಕ್ಕೆ ನಿಂತ ವರ್ಗಾವಣೆ

ವಿದ್ಯುತ್ ಹೋದ ಕ್ಷಣದಲ್ಲಿ ತೋಳು ಟ್ರೇ ಹಿಡಿದಿದ್ದರೆ, ದತ್ತಾಂಶದ ಪ್ರಕಾರ ಟ್ರೇ ಹಳೆಯ ಗೂಡಿನಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಲಾಗ್‌ನ ಕೊನೆಯ ಆಜ್ಞೆ ಯಾವುದು, ಅದಕ್ಕೆ ಪೂರ್ಣಗೊಂಡ ಉತ್ತರ ಬಂದಿತ್ತೇ, ಹಿಡಿಕೆಯ ಸೆನ್ಸರ್ ಏನೆನ್ನುತ್ತದೆ ಎಂಬ ಮೂರನ್ನೂ ಕೂಡಿಸಿ ಓದಬೇಕು. ಮೂರೂ ಒಂದೇ ಮಾತನ್ನು ಹೇಳಿದರೆ ಮಾತ್ರ ದಾಖಲೆಯನ್ನು ತಿದ್ದಬೇಕು. ಹೇಳದಿದ್ದರೆ ಆ ಎರಡು ಗೂಡುಗಳ ಸಂಕೇತಗಳನ್ನಷ್ಟೇ ಮರಳಿ ಓದಿಸಬೇಕು. ಇಡೀ ಸಂಗ್ರಹವನ್ನು ಮರುಗಣತಿ ಮಾಡಿಸುವ ಆಸೆಯನ್ನು ತಡೆದುಕೊಳ್ಳಬೇಕು, ಏಕೆಂದರೆ ಪ್ರತಿ ಟ್ರೇಯೂ ಮೈನಸ್ 80ರಿಂದ ನಡುಕೋಣೆಗೆ ಬಂದು ಹೋಗುವುದು ಮಾದರಿಗೆ ಒಂದು ಶಾಖದ ಪೆಟ್ಟೇ ಸರಿ.

ಮಾದರಿಗಳನ್ನು ಸ್ಥಳಾಂತರಿಸುವ ನಿರ್ಧಾರ

ದುರಸ್ತಿಯವರು ಬರುವುದು ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಅಥವಾ ಗೋವಾದಿಂದ. ಮಳೆಗಾಲದಲ್ಲಿ ಆ ದಾರಿಗಳನ್ನು ನೆಚ್ಚಲಾಗದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಮುಚ್ಚಿತ್ತು. ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆದ್ದರಿಂದ ‘ನಾಳೆ ಎಂಜಿನಿಯರ್ ಬರುತ್ತಾರೆ’ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ, ನಿಮ್ಮ ಯಂತ್ರ ಮೈನಸ್ 80ರಿಂದ ಮೈನಸ್ 60ಕ್ಕೆ ಏರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ಸ್ಥಾಪನೆಯ ವೇಳೆಯಲ್ಲೇ, ಮಾದರಿಗಳ ಬದಲು ನೀರಿನ ಟ್ಯೂಬ್‌ಗಳನ್ನಿಟ್ಟು ಅಳೆದು ಗೋಡೆಗೆ ಅಂಟಿಸಿರಬೇಕು. ಆ ಹೊತ್ತಿನ ಅರ್ಧ ಕಳೆಯುವುದರೊಳಗೆ ದೋಷ ಯಾವ ಹಂತದಲ್ಲಿದೆ ಎಂದು ತಿಳಿಯದಿದ್ದರೆ ಹುಡುಕಾಟ ನಿಲ್ಲಿಸಿ ಸ್ಥಳಾಂತರ ಆರಂಭಿಸಬೇಕು. ಒಣ ಮಂಜುಗಡ್ಡೆ ಮೈನಸ್ 78.5 ಡಿಗ್ರಿಯಲ್ಲಿ ಆವಿಯಾಗುತ್ತದೆ, ಹೀಗಾಗಿ ರಕ್ತಸಾರ, ಅಂಗಾಂಶ ಮತ್ತು ಡಿಎನ್ಎ ಮಾದರಿಗಳಿಗೆ ಅದು ಸಾಕು. ಜೀವಂತ ಕೋಶಗಳಿದ್ದರೆ ದ್ರವ ಸಾರಜನಕದ ಆವಿಯ ಪಾತ್ರೆಯೇ ಬೇಕು. ಎರಡರಲ್ಲಿ ಯಾವುದನ್ನು ಬಳಸಿದರೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಥವಾ ಗಾಜು ಏರಿಸಿದ ಜೀಪಿನಲ್ಲಿ ಅದನ್ನು ಇಟ್ಟುಕೊಂಡು ಕೂರಬಾರದು. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗುತ್ತದೆ, ಮತ್ತು ಆಮ್ಲಜನಕ ಶೇಕಡಾ 19.5ಕ್ಕಿಂತ ಕೆಳಗಿಳಿದು ಆಮ್ಲಜನಕದ ಮಾಪಕ ಕೂಗುವ ಮೊದಲೇ ಹೊರಗಿರಬೇಕು. ಒಣ ಮಂಜುಗಡ್ಡೆಯಿಂದ ಏಳುವ ಇಂಗಾಲದ ಡೈಆಕ್ಸೈಡ್ ಆಮ್ಲಜನಕ ಅಷ್ಟು ಇಳಿಯುವ ಮೊದಲೇ ತಲೆ ಭಾರವಾಗಿಸುವುದರಿಂದ, ಅಲ್ಲಿ ಆಮ್ಲಜನಕದ ಮಾಪಕವನ್ನು ಮಾತ್ರ ನಂಬಿ ನಿಲ್ಲುವಂತಿಲ್ಲ.

ಮರಳಿ ಚಾಲನೆಗೆ ತರುವಾಗ

ಹಿಮವನ್ನು ತೆಗೆಯಲು ಬಿಸಿಗಾಳಿಯ ಯಂತ್ರವನ್ನು ಬಳಸಬಾರದು. ಕರಗಿದ ನೀರು ಹಳಿಯ ಸಂದಿಗೆ ಇಳಿದು ಗಾಜಿನಂಥ ಗಡ್ಡೆಯಾಗುತ್ತದೆ. ಪ್ಲಾಸ್ಟಿಕ್ ಅಲಗಿನಿಂದ ಕೆರೆದು, ಹಿಮ ಒಣಗಿರುವಾಗಲೇ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು ತೆಗೆಯಬೇಕು. ನಡುಕೋಣೆಯನ್ನು ಪೂರ್ತಿ ಕರಗಿಸಲೇಬೇಕಾದರೆ ಒಣಗಾಳಿಯನ್ನು ಊದುತ್ತಲೇ ಬೆಚ್ಚಗಾಗಿಸಿ, ನೀರನ್ನು ಒರೆಸಿ, ಇಬ್ಬನಿ ಬಿಂದು ತನ್ನ ಹಳೆಯ ಮಟ್ಟಕ್ಕೆ ಇಳಿದ ಮೇಲೆಯೇ ತಂಪಾಗಿಸಲು ತೊಡಗಬೇಕು. ಅನಂತರ ಖಾಲಿ ಟ್ರೇಯೊಂದನ್ನು ಕಪಾಟಿನ ಮೇಲಿನ, ಕೆಳಗಿನ ಮತ್ತು ದೂರದ ಮೂಲೆಗಳಿಗೆ ಓಡಾಡಿಸಿ, ಮೋಟಾರಿನ ಪ್ರವಾಹದ ಗೆರೆಯನ್ನು ದೋಷಕ್ಕೆ ಮುಂಚಿನ ಗೆರೆಯ ಮೇಲೆ ಇಟ್ಟು ನೋಡಬೇಕು. ಎರಡೂ ಹೊಂದಿದರೆ ಮರುದಿನ ಬೆಳಿಗ್ಗೆ, ರಾತ್ರಿಯ ಇಬ್ಬನಿ ಬಿಂದುವಿನ ದಾಖಲೆಯನ್ನು ಓದಿದ ನಂತರ, ಮೊದಲ ನಿಜವಾದ ಮಾದರಿಯನ್ನು ಒಳಗೆ ಕಳುಹಿಸಬಹುದು.